ಹಳದಿ ದೀಪದ ಹಟ

ಶಿರಾಡಿ ಘಾಟಿ ಇಳಿಯುವಾಗ ಮತ್ತೆ ಹತ್ತಿಕೊಂಡಿತು, ಚೆಕ್ ಎಂಜಿನ್ ಲೈಟು. ಗಾಡಿ ಓಡ್ತಿದೆ, ಎಸಿ ತಣ್ಣಗಿದೆ, ಹೊಗೆಯಿಲ್ಲ, ಸದ್ದಿಲ್ಲ. ಆದರೂ ಎಂಜಿನ್ ನೋಡಬೇಕಂತೆ. ಬಾನೆಟ್ ಎತ್ತಿ ನೋಡಿದೆ. ಎಂಜಿನ್ ಅಲ್ಲೇ ಇದೆ. ಇನ್ನೇನು ನೋಡಲಿ ಸ್ವಾಮಿ?

ಮನೆಯಲ್ಲೇ ಪತ್ತೆ ಹಚ್ಚಬಹುದು ಅನ್ನೋರಿಗೇನು ಕಮ್ಮಿಯಿಲ್ಲ. ಗಾಡಿಯ ಕಂಪ್ಯೂಟರಿನ ದೂರು ಓದುವ ಓಬಿಡಿ ಸ್ಕ್ಯಾನರ್ ತಗೊಳ್ಳಿ, ಚುಚ್ಚಿ, ಮುಗೀತು! ಆ 16 ಪಿನ್ನಿನ ಕಿಂಡಿ ಇರೋದು ಸ್ಟೀರಿಂಗಿನ ಅಡಿಯಲ್ಲಿ. ಅದನ್ನು ಕಾಣಬೇಕಾದರೆ ಟಾರ್ಚ್ ಹಲ್ಲಲ್ಲಿ ಕಚ್ಚಿಕೊಂಡು ತಲೆಕೆಳಗಾಗಬೇಕು. ಸ್ಕ್ಯಾನರನ್ನು ಫೋನಿಗೆ ಜೋಡಿಸೋಣ ಅಂದರೆ, ಬ್ಲೂಟೂತಿಗೆ 0000 ಕೊಟ್ಟರೆ ಮುನಿಸು, 1234 ಕೊಟ್ಟರೆ ಮೌನ. ಆ್ಯಪ್‌ಗೆ ಲೊಕೇಶನ್ ಬೇರೆ ಬೇಕು. ಯಾಕಪ್ಪಾ, ನನ್ನ ಸೈಲೆನ್ಸರ್ ಊರು ಬಿಟ್ಟು ಹೋಗಿದೆಯಾ?

ಅಂತೂ ಉತ್ತರ ಬಂತು: ದೋಷದ ಕೋಡ್ ಪಿ0420. ಹೊಗೆಯ ವಿಷ ಕಳೆಯುವ ಕ್ಯಾಟಲಿಟಿಕ್ ಕನ್ವರ್ಟರಿನ ದಕ್ಷತೆ ಕಡಿಮೆ, ಬ್ಯಾಂಕ್ 1 (ಸಿಲಿಂಡರುಗಳ ಮೊದಲನೇ ಸಾಲು). ಅಂದರೆ ಕನ್ವರ್ಟರೇ ಸತ್ತಿರಬಹುದು. ಅದರಾಚೆಯ ಆಕ್ಸಿಜನ್ ಸೆನ್ಸರ್ ಕೆಟ್ಟಿರಬಹುದು. ಎಕ್ಸಾಸ್ಟ್ ಸೋರುತ್ತಿರಬಹುದು. ಬಹುದು, ಬಹುದು, ಬಹುದು! ಕವಡೆ ಹಾಕುವವರೂ ಇದಕ್ಕಿಂತ ಖಚಿತವಾಗಿ ಹೇಳ್ತಾರೆ. ಅದಿರಲಿ, ನಾಲ್ಕು ಸಿಲಿಂಡರ್ ಒಂದೇ ಸಾಲಲ್ಲಿ ನಿಂತಿರುವ ಗಾಡಿಯಲ್ಲಿ ಬ್ಯಾಂಕ್ 2 ಎಲ್ಲಿಂದ ಬರಬೇಕು? ನನಗೆ ಗೊತ್ತಿರುವ ಬ್ಯಾಂಕು ತಿಂಗಳ ಮೊದಲ ವಾರ ಇಎಂಐ ಕೀಳುವುದೊಂದೇ.

ಪಕ್ಕದ ಮನೆ ಅಂಕಲ್ ಸಲಹೆ ಕೇಳಬೇಕು: "ಬ್ಯಾಟರಿ ವೈರ್ ಕಿತ್ತು ಹಾಕು, ಎಲ್ಲಾ ಮರೆತುಬಿಡುತ್ತೆ." ನಿಜ, ಮರೆಯಿತು. ಗಡಿಯಾರ ಹೋಯ್ತು, ರೇಡಿಯೋ ಸ್ಟೇಷನ್ನುಗಳು ಹೋದವು, ಟ್ರಿಪ್ ಮೀಟರ್ ಸೊನ್ನೆ. ಪಿ0420 ಮಾತ್ರ ಹಾಸನ ತಲುಪುವಷ್ಟರಲ್ಲಿ ನೆಂಟರಂತೆ ಹಾಜರ್!