ಪಕ್ಕದ ಎಲೆಯ ಮೇಲೆ ನಿಮ್ಮ ಕಣ್ಣು ಯಾಕೆ?

ಹಾಸನದಲ್ಲಿ ಒಂದು ನಿಶ್ಚಿತಾರ್ಥದ ಊಟ ಮುಗಿಸಿಕೊಂಡು ಈಗಷ್ಟೇ ಮನೆಗೆ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ.

ಎದುರಿನ ಪಂಕ್ತಿಯಲ್ಲಿ ಇಬ್ಬರು ಹುಡುಗಿಯರು ಕೂತಿದ್ದರು. ಒಬ್ಬಳು ಸ್ವಲ್ಪ ದಪ್ಪ, ಇನ್ನೊಬ್ಬಳು ತೀರಾ ಸಣ್ಣ. ಒಬ್ಬಟ್ಟು ಬಂತು. ಪಕ್ಕದಲ್ಲಿದ್ದ ದೊಡ್ಡಮ್ಮ ಮೊದಲನೆಯವಳ ಎಲೆಗೆ ಕೈ ಅಡ್ಡ ಹಿಡಿದರು. "ಇವಳಿಗೆ ಬೇಡಪ್ಪ, ಒಂದೇ ಸಾಕು. ಸ್ವಲ್ಪ ಬಾಯಿ ಕಟ್ಟೇ, ನಾಳೆ ಗಂಡು ಸಿಗೋದು ಬೇಡ್ವಾ?" ಅಂದರು. ಆಮೇಲೆ ಈ ಕಡೆಯವಳತ್ತ ತಿರುಗಿ, "ಇವಳಿಗೆ ಎರಡು ಹಾಕು. ಕಡ್ಡಿ ಆಗಿದಾಳೆ. ತಿನ್ನೋಕೆ ಏನೇ ಧಾಡಿ ನಿಂಗೆ?" ಅಂತ ತಾವೇ ತುಪ್ಪ ಸುರಿದರು. ಸುತ್ತಲಿದ್ದವರು ನಕ್ಕರು. ಮೊದಲನೆಯವಳು ಅನ್ನ ಬರುವ ಮೊದಲೇ ಎಲೆ ಮಡಚಿದಳು. ಎರಡನೆಯವಳು ಒಬ್ಬಟ್ಟನ್ನು ಬೆರಳಲ್ಲಿ ಚೂರು ಚೂರು ಮಾಡುತ್ತಾ ಕೂತಳು. ಒಂದು ಚೂರೂ ಬಾಯಿಗೆ ಹೋಗಲಿಲ್ಲ.

ಒಬ್ಬಳಿಗೆ ಬಾಯಿ ಚಪಲ, ಇನ್ನೊಬ್ಬಳಿಗೆ ಹಠ. ನಮ್ಮ ಜನರ ಲೆಕ್ಕದಲ್ಲಿ ಎರಡಕ್ಕೂ ಕಾರಣ ಒಂದೇ, ಮನಸ್ಸು ಗಟ್ಟಿ ಇಲ್ಲ. ನಾನು ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವಳು ಅಂತ ನಿಮಗೆಲ್ಲ ಗೊತ್ತು. ಪಾಠ ಮಾಡುವಾಗ ಹೈಪೋಥಲಾಮಸ್ ಅಂತ ಬೋರ್ಡ್ ಮೇಲೆ ಬರೆದು, ಹಸಿವು, ಬಾಯಾರಿಕೆ, ಮೈ ಶಾಖ ಎಲ್ಲ ಇಲ್ಲಿಂದಲೇ ಅಂತ ಹೇಳುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಅಂಕವೂ ತಗೊಳ್ಳುತ್ತಾರೆ. ಆದರೆ ಊಟದ ಮನೆಗೆ ಬಂದರೆ ಆ ಪಾಠ ಯಾರಿಗೂ ನೆನಪಿರಲ್ಲ.

ಮಿದುಳಿನ ತಳದಲ್ಲಿ ಬಾದಾಮಿ ಬೀಜದಷ್ಟು ಇರುವ ಭಾಗ ಅದು. 1951ರಲ್ಲಿ ನಮ್ಮ ದೇಶದವರೇ ಆದ ಬಿ.ಕೆ. ಆನಂದ್, ಅಮೆರಿಕದ ಯೇಲ್‌ನಲ್ಲಿ ಜಾನ್ ಬ್ರೋಬೆಕ್ ಜೊತೆ ಸೇರಿ ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಹೈಪೋಥಲಾಮಸ್‌ನ ಎರಡೂ ಪಕ್ಕದ ಒಂದು ಚಿಕ್ಕ ಜಾಗಕ್ಕೆ ಪೆಟ್ಟು ಕೊಟ್ಟರೆ ಇಲಿ ತಿನ್ನುವುದನ್ನೇ ಬಿಡುತ್ತಿತ್ತು. ಆಹಾರ ಮುಂದೆಯೇ ಇದ್ದರೂ ಉಪವಾಸ ಬಿದ್ದು ಸಾಯುತ್ತಿತ್ತು. ಮುಂದೆ ಇದೇ ಆನಂದ್ ದೆಹಲಿಯ ಏಮ್ಸ್‌ನಲ್ಲಿ ಶರೀರಶಾಸ್ತ್ರ ವಿಭಾಗ ಕಟ್ಟಿದರು. ಆ ಇಲಿಗೆ ಹಠ ಇತ್ತಾ? ಫ್ಯಾಷನ್ ಇತ್ತಾ?

ಇನ್ನು ದಪ್ಪ ಇರುವವರ ವಿಷಯ. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಲೆಪ್ಟಿನ್ ಅನ್ನೋ ಹಾರ್ಮೋನಿನ ಜೀನ್ ಕಂಡುಹಿಡಿಯಿತು. ಕೊಬ್ಬಿನ ಕೋಶಗಳಿಂದ ಹೊರಟು ಮಿದುಳಿಗೆ ಹೋಗಿ "ದಾಸ್ತಾನು ಇದೆ, ಸಾಕು" ಅಂತ ಹೇಳುವ ಹಾರ್ಮೋನ್ ಇದು. 1997ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ವೈದ್ಯರಿಗೆ ಒಂದೇ ಬಳಗದ ಇಬ್ಬರು ಮಕ್ಕಳು ಸಿಕ್ಕರು. ಎಂಟು ವರ್ಷದ ಹುಡುಗಿಯ ತೂಕ 86 ಕೆಜಿ. ಎರಡು ವರ್ಷದ ಮಗು 29 ಕೆಜಿ. ಹೊಟ್ಟೆ ತುಂಬಿತು ಅನ್ನೋದೇ ಅವರಿಗೆ ಗೊತ್ತಿರಲಿಲ್ಲ. ಇಬ್ಬರ ಮೈಯಲ್ಲೂ ಸರಿಯಾದ ಲೆಪ್ಟಿನ್ ಇರಲಿಲ್ಲ, ಅಷ್ಟೇ. ಆಮೇಲೆ ಆ ಹುಡುಗಿಗೆ ಲೆಪ್ಟಿನ್ ಸೂಜಿ ಚುಚ್ಚಲು ಶುರು ಮಾಡಿದರು. ಹಸಿವು ಇಳಿಯಿತು, ತೂಕವೂ ಇಳಿಯಿತು. ಅಲ್ಲಿಯವರೆಗೆ ಆ ಮಗುವಿನ ತಾಯಿ ಎಷ್ಟು ಜನರ ಬಾಯಲ್ಲಿ "ಮಗೂನ ತಿನ್ನಿಸಿ ತಿನ್ನಿಸಿ ಹಾಳು ಮಾಡಿದಳು" ಅನ್ನಿಸಿಕೊಂಡಿರಬೇಕು!

ಹಾಗೆ ಲೆಪ್ಟಿನ್ನೇ ಇಲ್ಲದವರು ಬಹಳ ಅಪರೂಪ, ನಿಜ. ದಪ್ಪ ಇರುವವರಲ್ಲಿ ಹೆಚ್ಚಿನವರಿಗೆ ಲೆಪ್ಟಿನ್ ಜಾಸ್ತಿಯೇ ಇರುತ್ತದೆ, ಮಿದುಳು ಅದರ ಮಾತು ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ. ಕಷ್ಟಪಟ್ಟು ತೂಕ ಇಳಿಸಿದ ಮೇಲಾದರೂ ನೆಮ್ಮದಿಯಾ ಅಂದರೆ ಅದೂ ಇಲ್ಲ. 2011ರಲ್ಲಿ ಮೆಲ್ಬರ್ನ್‌ನ ವೈದ್ಯರು, ಪಥ್ಯ ಮಾಡಿ ತೂಕ ಇಳಿಸಿದವರನ್ನು ಒಂದು ವರ್ಷದ ನಂತರ ಮತ್ತೆ ಪರೀಕ್ಷೆ ಮಾಡಿದರು. ಲೆಪ್ಟಿನ್ ಆಗಲೂ ಕೆಳಗೇ ಇತ್ತು. ಹಸಿವು ಹುಟ್ಟಿಸುವ ಗ್ರೆಲಿನ್ ಮೇಲೇ ಇತ್ತು. ಅಂದರೆ ವರ್ಷವಾದರೂ ಮೈ ಕಳೆದುಕೊಂಡ ತೂಕವನ್ನು ವಾಪಸ್ ಕೇಳುತ್ತಲೇ ಇತ್ತು. ಈಗ ಸೆಮಾಗ್ಲುಟೈಡ್ ಅಂತ ವಾರಕ್ಕೊಂದು ಸೂಜಿ ಬಂದಿದೆ, ಹೊಟ್ಟೆ ತುಂಬಿತು ಅಂತ ಮಿದುಳಿಗೆ ಹೇಳುವ, ಕರುಳಿನ ಜಿಎಲ್‌ಪಿ-1 ಅನ್ನೋ ಹಾರ್ಮೋನಿನಂತೆ ಕೆಲಸ ಮಾಡುತ್ತದೆ. ಡಾಕ್ಟರು ಬರೆದುಕೊಟ್ಟರೆ ಮಾತ್ರ ತಗೊಳ್ಳಬೇಕಾದ ಔಷಧಿ ಅದು. ತಗೊಂಡವರಲ್ಲಿ ಎಷ್ಟೋ ಜನ, ಇಡೀ ದಿನ ತಲೆಯಲ್ಲಿ ಓಡುತ್ತಿದ್ದ ಊಟದ ಯೋಚನೆ ನಿಂತಿತು ಅಂತಾರೆ. ಒಂದು ಸೂಜಿಗೆ ಮನಸ್ಸು ಗಟ್ಟಿ ಆಗಿಬಿಡುತ್ತಾ? ಆಗಲ್ಲ ಅಲ್ವಾ. ಹಾಗಿದ್ದ ಮೇಲೆ ಮೊದಲೂ ಅದು ಮನಸ್ಸಿನ ದೋಷ ಆಗಿರಲಿಲ್ಲ.

"ಎಲ್ಲಾ ಹಾರ್ಮೋನ್ ಮೇಲೆ ಹಾಕಿದರೆ ಆಯ್ತಾ? ನಾವು ಏಕಾದಶಿ ಮಾಡಲ್ವಾ?" ಅಂತ ಕೇಳುತ್ತಾರೆ. ಇವತ್ತೂ ಒಬ್ಬರು ಕೇಳಿದರು. ಮಾಡಿ, ಸಂತೋಷ. ಏಕಾದಶಿಯ ದಿನ ನೀವೇ ಗಮನಿಸಿ. ದಿನಾ ಊಟ ಮಾಡುವ ಹೊತ್ತಿಗೆ ಹೊಟ್ಟೆ ಚುರುಗುಟ್ಟುತ್ತದೆ. ಏನೂ ತಿನ್ನದಿದ್ದರೂ ಸ್ವಲ್ಪ ಹೊತ್ತಿಗೆ ತಾನಾಗಿಯೇ ಇಳಿಯುತ್ತದೆ. ಅದು ಗ್ರೆಲಿನ್ ಕೆಲಸ. ಊಟದ ಹೊತ್ತಿಗೆ ಏರಿ, ತಾನೇ ಇಳಿಯುತ್ತದೆ. ಅಂದರೆ ಆ ಒಂದು ದಿನ ನಿಮ್ಮ ಹಾರ್ಮೋನೂ ನಿಮ್ಮ ಜೊತೆಗೇ ಇರುತ್ತದೆ. ಮರುದಿನ ದ್ವಾದಶಿ, ಪಾರಣೆ ಮಾಡುತ್ತೀರಿ. ಇನ್ನೊಬ್ಬರು ಶ್ರವಣಬೆಳಗೊಳದ ಸಲ್ಲೇಖನದ, ಅಂದರೆ ಜೈನರು ಊಟ ಬಿಟ್ಟು ಪ್ರಾಣ ಬಿಡುವ ವ್ರತದ ಮಾತು ತೆಗೆದರು. ಚಂದ್ರಗಿರಿಯ ಶಾಸನಗಳನ್ನು ನಾನೂ ನೋಡಿದ್ದೇನೆ. ಅದು ಗುರುಗಳ ಅನುಮತಿ ಪಡೆದು, ಎಲ್ಲರಿಗೂ ತಿಳಿಸಿ ಹಿಡಿಯುವ ವ್ರತ. ತಿನ್ನಬೇಕು ಅಂತ ಗೊತ್ತಿದ್ದೂ ತಿನ್ನಲಾಗದೆ, ಅದನ್ನು ಮನೆಯವರಿಂದ ಮುಚ್ಚಿಟ್ಟು ಅಳುವ ಹದಿನಾರರ ಹುಡುಗಿ ಯಾವ ವ್ರತವನ್ನೂ ಹಿಡಿದಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

"ನಮ್ಮ ಕಾಲದಲ್ಲಿ ಇವೆಲ್ಲ ಇರಲಿಲ್ಲ" ಅನ್ನೋದು ಇನ್ನೊಂದು. ದಪ್ಪ ಆಗುವ ಭಯಕ್ಕೆ ಊಟವನ್ನೇ ಬಿಟ್ಟು ಸೊರಗುವ ಈ ಕಾಯಿಲೆಗೆ ಅನೊರೆಕ್ಸಿಯಾ ನರ್ವೋಸಾ ಅನ್ನೋ ಹೆಸರನ್ನು ಲಂಡನ್ನಿನ ವೈದ್ಯ ವಿಲಿಯಂ ಗಲ್ ಕೊಟ್ಟಿದ್ದು 1870ರ ದಶಕದಲ್ಲಿ. ಆಗ ಮೊಬೈಲೂ ಇರಲಿಲ್ಲ, ರೀಲ್ಸೂ ಇರಲಿಲ್ಲ.

ನನಗೆ ಯಾಕೆ ಇಷ್ಟು ಹೊಟ್ಟೆ ಉರಿಯುತ್ತದೆ ಅಂತ ಹೇಳಿಬಿಡುತ್ತೇನೆ. ಡಿಗ್ರಿ ಓದುವಾಗ ನನ್ನ ಹಾಸ್ಟೆಲ್ ರೂಮಿನಲ್ಲಿ ಒಬ್ಬಳಿದ್ದಳು, ಮೂಡಿಗೆರೆ ಕಡೆಯವಳು. ಏಪ್ರಿಲ್ ತಿಂಗಳ ಸೆಕೆಯಲ್ಲೂ ಸ್ವೆಟರ್ ಹಾಕುತ್ತಿದ್ದಳು. ಬೆರಳು ಮುಟ್ಟಿದರೆ ತಣ್ಣಗೆ. ಮುಂಗೈ ಮೇಲೆಲ್ಲ ನವಿರಾದ ಕೂದಲು ಬಂದಿತ್ತು. ಮುಟ್ಟು ನಿಂತಿತ್ತು. ರಜೆಗೆ ಅವಳ ಊರಿಗೆ ಹೋದರೆ ಮನೆ ಮಂದಿಗೆಲ್ಲ ಅವಳೇ ಕಡುಬು ಬೇಯಿಸಿ, ಅಕ್ಕಿ ರೊಟ್ಟಿ ತಟ್ಟಿ ಬಡಿಸುತ್ತಿದ್ದಳು. ನಾವು ತಿನ್ನುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅವಳ ಬಳಿ ಒಂದು ದಪ್ಪ ನೋಟ್‌ಬುಕ್ ಇತ್ತು, ತುಂಬಾ ಅಡುಗೆ. ಪೇಪರಿನಿಂದ ಕತ್ತರಿಸಿ ಅಂಟಿಸಿದ್ದು, ಯಾರ್‍ಯಾರನ್ನೋ ಕೇಳಿ ಬರೆದುಕೊಂಡಿದ್ದು. ಅವಳ ತಾಯಿ ತಾಯತ ಕಟ್ಟಿಸಿದರು. ಒಬ್ಬ ಡಾಕ್ಟರು ಟಾನಿಕ್ ಬರೆದುಕೊಟ್ಟು, "ಹಠ ಬಿಡಮ್ಮ" ಅಂತ ಬುದ್ಧಿ ಹೇಳಿ ಕಳಿಸಿದರು.

ಆ ನೋಟ್‌ಬುಕ್ ಏನು ಅಂತ ನನಗೆ ಅರ್ಥ ಆಗಿದ್ದು ಎಷ್ಟೋ ಕಾಲದ ಮೇಲೆ, ಮಿನೆಸೋಟ ಪ್ರಯೋಗದ ಬಗ್ಗೆ ಓದಿದಾಗ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ 36 ಜನ ಆರೋಗ್ಯವಂತ ಗಂಡಸರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ಎಲ್ಲರೂ ತಾವಾಗಿ ಒಪ್ಪಿ ಬಂದವರು. ತೂಕದ ಕಾಲು ಭಾಗದಷ್ಟು ಕಳೆದುಕೊಂಡರು. ಬೇಸಿಗೆಯಲ್ಲೂ ಚಳಿ ಅಂದರು. ಮಂಕಾದರು, ಸಿಡುಕಿದರು. ಅಡುಗೆ ಪುಸ್ತಕ ಕೂಡಿಟ್ಟುಕೊಂಡು ಓದಲು ಶುರು ಮಾಡಿದರು. ಅವರಿಗೆ ಮೊದಲು ಯಾವ ಕಾಯಿಲೆಯೂ ಇರಲಿಲ್ಲ. ಮೈಗೆ ಅನ್ನ ಕಮ್ಮಿ ಆದಾಗ ಮಿದುಳು ಹೀಗೆ ಆಗುತ್ತದೆ. ನನ್ನ ಗೆಳತಿಯಲ್ಲಿ ನಾವು ಹುಚ್ಚು ಅಂದುಕೊಂಡಿದ್ದರಲ್ಲಿ ಅರ್ಧ ಬರೀ ಉಪವಾಸದ ಲಕ್ಷಣ.

ಉಳಿದರ್ಧ ಏನು? ಅಲ್ಲೇ ಕಷ್ಟ ಇರುವುದು. ಅನೊರೆಕ್ಸಿಯಾ ಇರುವವರ ರಕ್ತದಲ್ಲಿ ಗ್ರೆಲಿನ್ ಸಾಮಾನ್ಯವಾಗಿ ಜಾಸ್ತಿಯೇ ಇರುತ್ತದೆ, ಲೆಪ್ಟಿನ್ ತಳ ಕಂಡಿರುತ್ತದೆ. ಮೈ "ತಿನ್ನು" ಅಂತ ಕೂಗುತ್ತಲೇ ಇರುತ್ತದೆ. ಆದರೂ ತುತ್ತು ಎತ್ತುವಾಗ ಭಯ. 2019ರಲ್ಲಿ ಸುಮಾರು 17,000 ರೋಗಿಗಳ ಜೀನ್ ನೋಡಿದ ದೊಡ್ಡ ಅಧ್ಯಯನ ಬಂತು. ಈ ಕಾಯಿಲೆಯ ಬೇರು ಮನಸ್ಸಿನ ಜೊತೆಗೆ ಮೈಯ ಚಯಾಪಚಯದಲ್ಲೂ, ಅಂದರೆ ಮೈ ಅನ್ನವನ್ನು ಶಕ್ತಿ ಮಾಡಿಕೊಳ್ಳುವ ಬಗೆಯಲ್ಲೂ, ಇರಬಹುದು ಅಂತ ಅದು ಸುಳಿವು ಕೊಟ್ಟಿತು. ಮನೆ ಮಾತು, ಕನ್ನಡಿ, ಹೋಲಿಕೆ ಇವೆಲ್ಲ ಬೆಂಕಿಗೆ ತುಪ್ಪ. ಮಾನಸಿಕ ಕಾಯಿಲೆಗಳಲ್ಲಿ ಜೀವ ತೆಗೆಯುವುದರಲ್ಲಿ ಮುಂದಿರುವ ಕಾಯಿಲೆ ಇದು. ಅದನ್ನು ಪಂಕ್ತಿಯಲ್ಲಿ ನಗುವ ವಿಷಯ ಮಾಡುತ್ತೀರಲ್ಲ, ನನಗೆ ತಡೆಯಲು ಆಗುವುದಿಲ್ಲ.

"ಪ್ರೀತಿಗೆ ಹೇಳ್ತೀವಿ ಕಣಮ್ಮ" ಅನ್ನುತ್ತಾರೆ. ಇರಬಹುದು. ಆದರೆ ಪ್ರೀತಿ ಇದ್ದವರು ಹತ್ತು ಜನರ ಮುಂದೆ ಎಲೆ ತೋರಿಸಿ ಮಾತಾಡಲ್ಲ.

ನನ್ನ ಗೆಳತಿಯನ್ನು ಕೊನೆಗೆ ಬೆಂಗಳೂರಿಗೆ ಕರೆದುಕೊಂಡು ಹೋದರು. ಬಹಳ ಕಾಲ ಹಿಡಿಯಿತು. ಈಗ ಚೆನ್ನಾಗಿದ್ದಾಳೆ. ತನ್ನ ಕತೆ ಬರಿ ಅಂತ ಅವಳೇ ಹೇಳಿದ್ದಾಳೆ. ಅವಳ ಪರವಾಗಿ ಇಷ್ಟು ಹೇಳುತ್ತೇನೆ. ಮನೆಯ ಮಗು ಊಟದ ಹೊತ್ತಿಗೆ ಸರಿಯಾಗಿ ಏನಾದರೂ ನೆಪ ಹೇಳಿ ಜಾರಿಕೊಳ್ಳುತ್ತಿದ್ದರೆ, ತೂಕ ಇಳಿಯುತ್ತಲೇ ಇದ್ದರೆ, ಮುಟ್ಟು ನಿಂತರೆ, ಊಟ ಆದ ಕೂಡಲೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರೆ ಬೈಯಬೇಡಿ. ಕದ್ದು ಮುಚ್ಚಿ ಒಂದೇ ಸಲಕ್ಕೆ ತುಂಬಾ ತಿಂದು ಆಮೇಲೆ ಅಳುವುದೂ ಇದೇ ಜಾತಿಯ ಕಾಯಿಲೆ. ತುಂಬಾ ದಿನ ತಿನ್ನದವರಿಗೆ ಒಂದೇ ಸಲ ಜಾಸ್ತಿ ತುರುಕಲೂ ಬೇಡಿ. ರಕ್ತದಲ್ಲಿ ರಂಜಕ ಕುಸಿದು ಹೃದಯಕ್ಕೇ ಅಪಾಯ ಆಗುತ್ತದೆ. ಅದಕ್ಕೇ ಆಸ್ಪತ್ರೆಯಲ್ಲಿ ಅಳತೆ ಮಾಡಿ, ನಿಧಾನವಾಗಿ ಊಟ ಏರಿಸುತ್ತಾರೆ. ಮನೋವೈದ್ಯರ ಬಳಿ ಕರೆದುಕೊಂಡು ಹೋಗಿ. ಹೋಗಲು ಮುಜುಗರ ಆದರೆ ಮೊದಲು 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಇಲ್ಲ, ರಾತ್ರಿ ಹೊತ್ತೂ ಎತ್ತುತ್ತಾರೆ.