ಕೊನೆಯ ಬೈಕು

ಎಂಟು ಮಂದಿ ಹೆಂಗಸರು ಒಟ್ಟಾಗಿ ಹೊರಟರೆ ದಾರಿಯುದ್ದಕ್ಕೂ ಬರೀ ಮಾತು ಎಂದು ನಂಬಿರುವವರು ನಮ್ಮ ಬೈಕ್ ಸವಾರಿಯನ್ನು ಒಮ್ಮೆ ನೋಡಬೇಕು. ಬೆಳಗ್ಗೆ ಆರಕ್ಕೆ ಹೊರಟವರು ಮೊದಲ ನಿಲುಗಡೆ ಬರುವ ತನಕ, ಒಂದೂವರೆ ಗಂಟೆ, ಒಬ್ಬರೊಡನೊಬ್ಬರು ಒಂದಕ್ಷರ ಆಡುವುದಿಲ್ಲ. ಹೆಲ್ಮೆಟ್ಟಿನೊಳಗೆ ಯಾರು ಏನು ಗೊಣಗುತ್ತಾರೋ, ಯಾರಿಗೆ ಶಾಪ ಹಾಕುತ್ತಾರೋ ಅದು ಬೇರೆ. ನಾನಂತೂ ಹಾಡುತ್ತೇನೆ. ಬಚ್ಚಲುಮನೆಯಲ್ಲಾದರೆ ಗೋಡೆಯಾಚೆ ಕೇಳುವವರಿರುತ್ತಾರೆ. ಇಲ್ಲಿ ಆ ಅಳುಕೂ ಇಲ್ಲ. ಹೆಲ್ಮೆಟ್ಟಿಗೆ ಬ್ಲೂಟೂತ್ ಹಾಕಿಸಿ ಮಾತಾಡುತ್ತಾ ಹೋಗೋಣವೇ ಎಂದು ಒಮ್ಮೆ ಚರ್ಚೆ ಎದ್ದಿತ್ತು. ‘ಕಿವಿಯೊಳಗೂ ಫೋನು ಬಡಿದುಕೊಳ್ಳುವುದಾದರೆ ಮನೆಯಲ್ಲೇ ಇರಬಹುದಲ್ಲ’ ಎಂದು ದೊಡ್ಡಕ್ಕ ಅಂದದ್ದೇ ತಡ, ಚರ್ಚೆ ಮಲಗಿತು.

ದೊಡ್ಡಕ್ಕ ನಮ್ಮ ಮುಂದಾಳು. ವಯಸ್ಸಿನಲ್ಲಿ ಹಿರಿಯರು, ಕ್ಲಚ್ ಬಿಡುವುದರಲ್ಲಿ ಎಲ್ಲರಿಗಿಂತ ಮೃದು. ಹೊರಡುವ ಮುನ್ನ ಸಾಲು ಕಟ್ಟುವವರು ಅವರೇ. ಹೊಸಬಳು ಅವರ ಬೆನ್ನ ಹಿಂದೆಯೇ ಬರಬೇಕು. ಅವಳ ವೇಗವೇ ಎಲ್ಲರ ವೇಗ. ನನ್ನನ್ನು ಕೊನೆಗೆ ಹಾಕಿದ ದಿನ ನನ್ನ ಮುಖ ಸಣ್ಣದಾಗಿತ್ತು. ಎತ್ತರದ ತಪ್ಪಿಗೆ ಶಾಲೆಯುದ್ದಕ್ಕೂ ಹಿಂದಿನ ಬೆಂಚಿನಲ್ಲಿ ಕೂತವಳು ನಾನು. ಇಲ್ಲಿಯೂ ಅದೇ ಗತಿಯೇ? ‘ಬಿದ್ದವರನ್ನು ಎತ್ತುವವಳು ಹಿಂದಿರಬೇಕು ಕಣೇ’ ಎಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನೂ ಪಂಕ್ಚರ್ ಸಾಮಾನನ್ನೂ ನನ್ನ ಚೀಲಕ್ಕೆ ತುರುಕಿದರು. ಮುಂದಾಳು ದಾರಿ ತಪ್ಪಿದರೂ ನಡೆಯುತ್ತದೆ. ಕೊನೆಯವಳು ಯಾರನ್ನೂ ಹಿಂದೆ ಬಿಟ್ಟು ಬರುವಂತಿಲ್ಲ.

ಹೀಗೆ ನನ್ನ ಪಾಲಿಗೆ ಬಂದದ್ದು ಏಳು ಬೆನ್ನುಗಳು. ಮುಖ ನೋಡಿ ಮನುಷ್ಯರನ್ನು ಅಳೆಯುವ ವಿದ್ಯೆ ನನಗೆ ಎಂದೂ ಒಲಿದದ್ದಿಲ್ಲ. ಬೆನ್ನು ಮಾತ್ರ ಅಷ್ಟು ಸುಲಭಕ್ಕೆ ಸುಳ್ಳು ಹೇಳುವುದಿಲ್ಲ. ಸಭೆಯಲ್ಲಿ ಗಟ್ಟಿ ದನಿಯಲ್ಲಿ ವಾದಿಸುವವಳ ಭುಜಗಳು ಲಾರಿ ಪಕ್ಕಕ್ಕೆ ಬಂದೊಡನೆ ಕಿವಿಯವರೆಗೆ ಏರುತ್ತವೆ. ಮೂರು ಮಾತಿಗೆ ಒಂದು ಉತ್ತರ ಕೊಡುವ ನಾಚಿಕೆಯವಳು ತಿರುವಿನಲ್ಲಿ ಎಷ್ಟು ಸಲೀಸಾಗಿ ವಾಲುತ್ತಾಳೆಂದರೆ, ಈಕೆಯೇ ಆಕೆಯೇ ಎಂದು ನಂಬರ್ ಪ್ಲೇಟು ನೋಡಿ ಖಾತ್ರಿ ಮಾಡಿಕೊಳ್ಳಬೇಕು. ನನ್ನ ಮುಂದಿನವಳಿಗೆ ಇಂಡಿಕೇಟರ್ ಆರಿಸುವ ನೆನಪೇ ಇರುವುದಿಲ್ಲ. ಎಡಕ್ಕೆ, ಎಡಕ್ಕೆ, ಎಡಕ್ಕೆ ಎಂದು ಮಿಣುಕುತ್ತಾ ನೇರ ಹೋಗುತ್ತಾಳೆ. ಅವಳು ಹೇಳುವ ಕತೆಗಳೂ ಹಾಗೆಯೇ. ಈಗ ತಿರುಗುತ್ತದೆ ಎಂದು ಕಾದದ್ದೇ ಬಂತು. ಇಂಡಿಕೇಟರ್ ಆರಿಸು ಎನ್ನಲು ಒಂದು ಸನ್ನೆ ಇದೆ, ಎಡಗೈ ಚಾಚಿ ಮುಷ್ಟಿ ತೆರೆದು ಮುಚ್ಚುವುದು. ಆದರೆ ಅದನ್ನು ತೋರಿಸಲು ನಾನು ಅವಳ ಪಕ್ಕಕ್ಕೆ ಹೋಗಬೇಕು. ಎಲ್ಲ ಸನ್ನೆಗಳೂ ಎಡಗೈಯವೇ. ಬಲಗೈಗೆ ಆಕ್ಸಿಲರೇಟರೂ ಮುಂದಿನ ಬ್ರೇಕೂ ಇರುವಾಗ ಅದಕ್ಕೆ ಬಿಡುವೆಲ್ಲಿ? ಟ್ಯಾಂಕು ತಟ್ಟಿದರೆ ಪೆಟ್ರೋಲ್ ಬೇಕು, ಹೆಲ್ಮೆಟ್ಟಿನ ನೆತ್ತಿ ತಟ್ಟಿದರೆ ಮುಂದೆ ಪೊಲೀಸರಿದ್ದಾರೆ. ಬಲಬದಿಯ ಗುಂಡಿಗೆ ಬಲಗಾಲು ಚಾಚುವುದು. ಸಾಲಿನುದ್ದಕ್ಕೂ ಒಂದರ ಹಿಂದೊಂದು ಕಾಲು ಚಾಚಿದಾಗ, ಬೇಡವೆಂದರೂ ನನಗೆ ಶತಪದಿಯ ನೆನಪಾಗುತ್ತದೆ.

ಸಾಲು ಎಂದರೆ ನೇರ ಗೆರೆಯಲ್ಲ. ಒಬ್ಬಳು ಪಥದ ಈ ಮಗ್ಗುಲಿಗೆ, ಮುಂದಿನವಳು ಆ ಮಗ್ಗುಲಿಗೆ. ಓರೆಯಲ್ಲಿರುವವಳಿಂದ ಒಂದು ಸೆಕೆಂಡ್, ನೇರ ಮುಂದಿರುವವಳಿಂದ ಎರಡು ಸೆಕೆಂಡ್ ಅಂತರ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡ್ ಎಂದರೆ 33 ಮೀಟರ್. ಹಾಗಾಗಿ ಎಂಟು ಬೈಕುಗಳ ಸಾಲು ನೂರು ಮೀಟರ್ ದಾಟುತ್ತದೆ, ಬಾಲಕ್ಕೆ ತಲೆ ಕಾಣುವುದಿಲ್ಲ. ಈ ಸಾಲು ಹಾರ್ಮೋನಿಯಮ್ಮಿನ ತಿದಿಯಂತೆ ಹಿಗ್ಗಿ ಕುಗ್ಗುತ್ತಿರುತ್ತದೆ. ದೊಡ್ಡಕ್ಕ ತಿರುವಿನಲ್ಲಿ ಒಂದಿಷ್ಟೇ ಬ್ರೇಕ್ ಒತ್ತಿದರೆ ಹಿಂದಿನವಳು ಇನ್ನಷ್ಟು, ಅವಳ ಹಿಂದಿನವಳು ಮತ್ತಷ್ಟು. ನನ್ನವರೆಗೆ ಬರುವಾಗ ನಾನು ಹೆಚ್ಚುಕಡಿಮೆ ನಿಂತೇಬಿಟ್ಟಿರುತ್ತೇನೆ. ಆಮೇಲೆ ಸಾಲು ಹಿಡಿಯಲು ಓಡಬೇಕು. ‘ಇವತ್ತು ಅರವತ್ತು ದಾಟಲೇ ಇಲ್ಲ ನೋಡು’ ಎಂದು ದೊಡ್ಡಕ್ಕ ಹೆಮ್ಮೆಪಡುವಾಗ ನಾನು ಬೂಟಿನ ಲೇಸು ಕಟ್ಟಿಕೊಳ್ಳುತ್ತಿರುತ್ತೇನೆ.

ಈ ಸಲ ಬಿದ್ದದ್ದು ಹೊಸಬಳು. ವೇಗದಲ್ಲಿ ಅಲ್ಲ. ಓಡುವ ತನಕ ಬೈಕು ತನ್ನ ಸಮತೋಲ ತಾನೇ ನೋಡಿಕೊಳ್ಳುತ್ತದೆ. ನಿಂತೊಡನೆ ಭಾರವೆಲ್ಲ ನಮ್ಮ ಕಾಲಿಗೆ ಒಪ್ಪಿಸಿಬಿಡುತ್ತದೆ. ನಿಲುಗಡೆಯಲ್ಲಿ ಜಲ್ಲಿಯ ಮೇಲೆ ಅವಳ ಕಾಲು ಒಂದಿಷ್ಟು ಜಾರಿತು. 180 ಕಿಲೋ ಬೈಕು ಸುಸ್ತಾದ ಎಮ್ಮೆಯಂತೆ ನಿಧಾನವಾಗಿ ಪಕ್ಕಕ್ಕೆ ಒರಗಿತು. ಮೈಗೆ ಏಟಿಲ್ಲ, ಆದರೆ ನಾಲ್ಕು ಜನ ನೋಡುತ್ತಿದ್ದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಮುಖ ಅವಳದು. ಇಬ್ಬರು ಗಂಡಸರು ಸಹಾಯಕ್ಕೆಂದು ಓಡಿಬಂದರು. ‘ಒಂದು ನಿಮಿಷ ಅಣ್ಣ, ಅವಳೇ ಎತ್ತಲಿ’ ಎಂದು ದೊಡ್ಡಕ್ಕ ಅಡ್ಡ ನಿಂತರು. ಇಂಜಿನ್ ಆರಿಸಿ, ಗೇರಿನಲ್ಲಿಟ್ಟು, ಸೀಟಿಗೆ ಬೆನ್ನು ಕೊಟ್ಟು ಕುಕ್ಕರಿಸಬೇಕು. ಒಂದು ಕೈ ಹ್ಯಾಂಡಲ್ಲಿಗೆ, ಇನ್ನೊಂದು ಸೀಟಿನ ಹಿಂದಿನ ಹಿಡಿಗೆ. ಆಮೇಲೆ ಕಾಲಿನ ಬಲದಲ್ಲಿ ಹಿಂದು ಹಿಂದಕ್ಕೆ ಪುಟ್ಟ ಹೆಜ್ಜೆ. ತೋಳಿನ ಬಲ ಬೇಕಿಲ್ಲ. ಎರಡನೆಯ ಯತ್ನಕ್ಕೆ ಎಮ್ಮೆ ಎದ್ದಿತು. ನನ್ನ ಪಾಲಿನ ಕೆಲಸ ಸ್ಟ್ಯಾಂಡ್ ಹಾಕಿಕೊಟ್ಟದ್ದಷ್ಟೇ.

ಬಂದವರಲ್ಲಿ ಒಬ್ಬರಿಗೆ ಸಮಾಧಾನವಾಗಲಿಲ್ಲ. ‘ನಿಮ್ಮ ಗಂಡಸರು ಹಿಂದೆ ಬರುತ್ತಿದ್ದಾರೆಯೇ?’ ಎಂದು ಕೇಳಿದರು.

‘ಇಲ್ಲ, ಹಿಂದೆ ಬರುವವಳು ಇವಳೇ’ ಎಂದು ದೊಡ್ಡಕ್ಕ ನನ್ನನ್ನು ತೋರಿಸಿದರು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನೋಡುವಂತೆಯೇ ಇದ್ದೆ ಬಿಡಿ. ಗಂಡಸರ ಅಳತೆಗೆ ಹೊಲಿದ ಜಾಕೆಟ್ಟು, ಮೊಣಕೈ ಕಾಯಬೇಕಾದ ಗಾರ್ಡು ಮುಂಗೈಗೆ ಇಳಿದಿದೆ. 1916ರಲ್ಲಿ ಆಗಸ್ಟಾ ಮತ್ತು ಅಡಲಿನ್ ವ್ಯಾನ್ ಬ್ಯೂರೆನ್ ಎಂಬ ಅಕ್ಕತಂಗಿಯರು ‘ಇಂಡಿಯನ್’ ಎಂಬ ಅಮೆರಿಕನ್ ಕಂಪನಿಯ ತಲಾ ಒಂದು ಮೋಟಾರ್ ಸೈಕಲ್ ಏರಿ ಅಮೆರಿಕವನ್ನು ಈ ತುದಿಯಿಂದ ಆ ತುದಿಗೆ ದಾಟಿದರು. ಸೇನೆಯ ಸಂದೇಶ ಒಯ್ಯುವ ಕೆಲಸ ಹೆಂಗಸರಿಗೂ ಆಗುತ್ತದೆಂದು ತೋರಿಸುವ ಹಟ ಅವರದು. ದಾರಿಯ ಊರುಗಳಲ್ಲಿ ಪೊಲೀಸರು ಅವರನ್ನು ಹಿಡಿದದ್ದು ಗಂಡಸರ ಉಡುಪು ತೊಟ್ಟ ಅಪರಾಧಕ್ಕೆ. ನೂರು ವರ್ಷ ದಾಟಿದ ಮೇಲೂ ಅಂಗಡಿಯಲ್ಲಿ ನಮ್ಮ ಅಳತೆಯ ಜಾಕೆಟ್ ಸಿಗದೆ ನಾವು ಅದೇ ಅಪರಾಧ ಮಾಡುತ್ತಿದ್ದೇವೆ. ಈಗ ಯಾರೂ ಹಿಡಿಯುವುದಿಲ್ಲ ಅಷ್ಟೇ.

ಮರಳುವಾಗ ಮಾತ್ರ ಬಾಲಕ್ಕೆ ಸ್ವಲ್ಪ ಬೇಸರ. ಒಂದೊಂದು ಕೂಡುರಸ್ತೆಯಲ್ಲಿ ಒಬ್ಬೊಬ್ಬಳು ಎಡಗೈ ತುಸು ಎತ್ತಿ ಸಾಲಿನಿಂದ ಕಳಚಿಕೊಳ್ಳುತ್ತಾಳೆ. ಏಳು ಕೆಂಪು ದೀಪ ಆರಾಗುತ್ತದೆ, ನಾಲ್ಕಾಗುತ್ತದೆ, ಎರಡಾಗುತ್ತದೆ. ಕಡೆಗೆ ಇಂಡಿಕೇಟರಿನವಳೂ ಹೋದಳು. ಅಪರೂಪಕ್ಕೆ ಸರಿಯಾದ ಬದಿಗೇ ದೀಪ ಹಾಕಿ ತಿರುಗಿದಳು. ಎಣಿಸಲು ಮುಂದೆ ಯಾರೂ ಇಲ್ಲ, ಕನ್ನಡಿಯಲ್ಲೂ ಯಾರಿಲ್ಲ. ಅರ್ಧಕ್ಕೆ ನಿಲ್ಲಿಸಿದ್ದ ಹಾಡನ್ನು ಎತ್ತಿಕೊಂಡು ಮನೆಯವರೆಗೂ ಬಂದೆ. ಗೇಟಿನ ಮುಂದೆ ನಿಂತಾಗ ಕಬ್ಬಿಣದ ಸರಳುಗಳ ಮೇಲೆ ಹಳದಿ ಬೆಳಕು ಬಂದು ಹೋಗಿ ಮಾಡುತ್ತಿತ್ತು. ನನ್ನದೇ ಇಂಡಿಕೇಟರ್. ಎಲ್ಲಿಂದ ಹೀಗೆ ಮಿಣುಕುತ್ತಾ ಬಂದಿದ್ದೆನೋ.