ಕಲಾಯಿ ಹಾಕಿದ ತೋಟಾ

ಅಮ್ಮ ತೀರ್ಥಹಳ್ಳಿಯಿಂದ ಬಂದ ಮಾರನೇ ದಿನ ನಮ್ಮ ಗ್ಯಾರೇಜಿಗೆ ಬಂದಳು. ಮೇಜಿಗೆ ಬೋಲ್ಟ್ ಬಿಗಿದು ಕೂರಿಸಿದ್ದ ಪ್ರೆಸ್ ನೋಡಿ, "ಅಯ್ಯೋ, ಶ್ಯಾವಿಗೆ ಒರಳು ಇಲ್ಲೂ ಸಿಗತ್ತೇನೋ?" ಅಂದಳು.

ಅದು ಶ್ಯಾವಿಗೆ ಒರಳಲ್ಲ. ಒಮ್ಮೆ ಹೊಡೆದ ರೈಫಲ್ ತೋಟಾದ ಖಾಲಿ ಕೇಸನ್ನು ಮತ್ತೆ ಅಳತೆಗೆ ತರುವ ಯಂತ್ರ. ನಾನಿರುವುದು ಟೆಕ್ಸಾಸ್‌ನಲ್ಲಿ. ಇಲ್ಲಿ ಕೆಲವರಿಗೆ ಗುಂಡು ಹೊಡೆಯುವುದಕ್ಕಿಂತ ಖಾಲಿ ಕೇಸು ಹೆಕ್ಕಿ ತಂದು ರಿಲೋಡ್ ಮಾಡುವುದೇ, ಅಂದರೆ ಮದ್ದು ಗುಂಡು ತುಂಬಿ ಮತ್ತೆ ತೋಟಾ ಮಾಡುವುದೇ ದೊಡ್ಡ ಹುಚ್ಚು. ನಮ್ಮೂರಲ್ಲಿ ಲೈಸೆನ್ಸ್ ಇಲ್ಲದೆ ಇದನ್ನೆಲ್ಲ ಮಾಡಿದರೆ ಬೇರೆ ಥರದ ಕೇಸು ಬೀಳುತ್ತೆ, ಆ ಮಾತು ಬೇರೆ.

ನನಗೆ ಈ ಹುಚ್ಚು ಹಿಡಿಸಿದ್ದು ಪಕ್ಕದ ಮನೆ ಅಜ್ಜ. ಮೊದಲು ಪಿಸ್ತೂಲಿನ ನೆಟ್ಟಗಿನ ಕೇಸುಗಳಲ್ಲಿ ಕೈ ಪಳಗಿಸಿದ. ಅದರ ಡೈಯೊಳಗೆ, ಅಂದರೆ ಕೇಸನ್ನು ಒತ್ತಿ ಅಳತೆಗೆ ತರುವ ಅಚ್ಚಿನೊಳಗೆ, ಕಾರ್ಬೈಡ್ ಅನ್ನೋ ಗಡುಸು ವಸ್ತುವಿನ ಬಳೆ ಇರುತ್ತೆ, ಎಣ್ಣೆ ಬೇಕಿಲ್ಲ. ಟಕ್ ಟಕ್ ಅಂತ ನೂರು ಕೇಸು ಮುಗಿಸಿ ನಾನು ಪಂಡಿತನಾದೆ. ಆಮೇಲೆ ಒಂದು ದಿನ ಅಜ್ಜ ಒಂದು ಚೀಲ ತಂದುಕೊಟ್ಟ. ಒಳಗೆ ಪಾಯಿಂಟ್ 308 ಅನ್ನೋ ಅಳತೆಯ ರೈಫಲ್ ಕೇಸುಗಳು, ಒಟ್ಟು ನಲವತ್ತು. ಎಲ್ಲವೂ ನಿಕ್ಕಲ್ ಲೇಪದವು, ಬೆಳ್ಳಿ ಲೋಟದ ಹಾಗೆ ಫಳಫಳ. ಬಿಟ್ಟಿ ಸಿಕ್ಕರೆ ನಂಗೂ ಇರ್ಲಿ, ನಮ್ಮಪ್ಪಂಗೂ ಇರ್ಲಿ ಅನ್ನೋ ಜಾತಿ ನಾನು. ಯಾಕೆ ಕೊಡ್ತಿದ್ದಾನೆ ಅಂತ ಕೇಳಲೇ ಇಲ್ಲ.

ಇವು ಬಾಟಲಿ ಆಕಾರದ ಕೇಸುಗಳು. ಹೊಟ್ಟೆ, ಹೆಗಲು, ಕತ್ತು, ಮೂರೂ ಉಂಟು. ಗುಂಡು ಹೊಡೆದಾಗ ಕೇಸು ಉಬ್ಬಿ ಕೋವಿಯ ಒಳಗೋಡೆಗೆ ಒತ್ತಿಕೊಳ್ಳುತ್ತೆ. ಮದುವೆ ಮನೆ ಊಟ ಮಾಡಿ ಬಂದ ನನ್ನ ಥರ. ಅದನ್ನು ಹಳೇ ಪ್ಯಾಂಟಿಗೆ ತೂರಿಸುವ ಕೆಲಸ ಡೈಯದ್ದು. ಇಡೀ ಮೈ ಉಜ್ಜಿಕೊಂಡು ಒಳಗೆ ಹೋಗಬೇಕು. ಅದಕ್ಕೇ ಕೇಸ್ ಲ್ಯೂಬ್ ಅನ್ನೋ ಜಾರೆಣ್ಣೆ ಹಚ್ಚಲೇಬೇಕು. ಅಜ್ಜ ಇದನ್ನು ಎರಡು ಸಲ ಹೇಳಿದ್ದ. ಆದರೆ ಹಳದಿ ಕೇಸೇ ಎಣ್ಣೆ ಇಲ್ಲದೆ ಹೋಗಿತ್ತಲ್ಲ, ಇಷ್ಟು ನುಣ್ಣಗಿರೋದಕ್ಕೆ ಯಾಕೆ ಎಣ್ಣೆ ಅಂತ ನನ್ನ ಲೆಕ್ಕ.

ಆವತ್ತು ಅಮ್ಮನ ಎದುರೇ ಮೊದಲ ಕೇಸು ಇಟ್ಟು ಹಿಡಿ ಎಳೆದೆ. ಅರ್ಧಕ್ಕೆ ನಿಂತಿತು. ಮೈಭಾರ ಬಿಟ್ಟೆ, ಇನ್ನೊಂಚೂರು ಹೋಯ್ತು. ಈಗ ಹಿಂದಕ್ಕೂ ಬರಲ್ಲ, ಮುಂದಕ್ಕೂ ಹೋಗಲ್ಲ. ಜೋರಾಗಿ ಜಗ್ಗಿದೆ. ಕಟ್ ಅಂತ ಶಬ್ದ. ಬಂತು ಅಂತ ನೋಡಿದರೆ ಕೇಸಿನ ಬುಡ ಹಿಡಿಯುವ ಶೆಲ್ ಹೋಲ್ಡರಿನಲ್ಲಿ ಬುಡದ ಅಂಚಿನ ಒಂದು ಚೂರು ಮಾತ್ರ, ಉಗುರು ಕಿತ್ತ ಹಾಗೆ. ಕೇಸು ಡೈಯೊಳಗೇ ಹಾಯಾಗಿ ಕೂತಿತ್ತು.

ಬಾಗಿಲಲ್ಲಿ ನಿಂತಿದ್ದ ಅಮ್ಮ, "ಎಣ್ಣೆ ಸವರದೆ ಒರಳಿಗೆ ಹಿಟ್ಟು ಹಾಕ್ತಾರೇನೋ?" ಅಂದಳು. ಯಂತ್ರ ನೋಡಿ ಅವಳಿಗೆ ಇನ್ನೂ ಹತ್ತು ನಿಮಿಷ ಆಗಿರಲಿಲ್ಲ.

ಅಜ್ಜನನ್ನು ಕರೆದೆ. ಬಂದವನು ಡೈ ನೋಡಿದ, ಲ್ಯೂಬ್ ಡಬ್ಬಿ ನೋಡಿದ. ಡಬ್ಬಿಯ ಸೀಲೇ ಒಡೆದಿರಲಿಲ್ಲ. ಏನೂ ಕೇಳಲಿಲ್ಲ. ಕೇಸಿನ ಬುಡಕ್ಕೆ ಡ್ರಿಲ್ ಹಾಕಿ, ತೂತಿಗೆ ತಿರುಪಿನ ಗೀರು ಕೊರೆದು, ಬೋಲ್ಟ್ ತಿರುಗಿಸಿ ಎಳೆದ. ಹಲ್ಲು ಕಿತ್ತ ಹಾಗೆ ಹೊರಬಂತು.

ಆಮೇಲೆ ವಿಷಯ ಬಿಚ್ಚಿದ. ನಿಕ್ಕಲ್ ಬರೀ ಮೇಲಿನ ತೊಗಲು, ಒಳಗೆ ಅದೇ ಹಿತ್ತಾಳೆ. ಹಿಂದೆ ಪೊಲೀಸರು ತೋಟಾಗಳನ್ನು ಚರ್ಮದ ಬೆಲ್ಟಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಚರ್ಮ ಹದ ಮಾಡಿದ ಆಮ್ಲಕ್ಕೆ ಹಿತ್ತಾಳೆ ಹಸಿರಾಗುತ್ತಿತ್ತು. ನಿಕ್ಕಲ್ಲಿಗೆ ಆ ಕಾಟವಿಲ್ಲ. ಆದರೆ ಅದು ಗಡುಸು. ಮತ್ತೆ ಮತ್ತೆ ಬಳಸಿದರೆ ಕತ್ತು ಬೇಗ ಸೀಳುತ್ತೆ, ಲೇಪ ಚಕ್ಕೆ ಎದ್ದರೆ ಡೈಗೂ ಗೀರು ಬೀಳಬಹುದು.

ಇಷ್ಟನ್ನೂ ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. "ಕಲಾಯಿ ಅನ್ನು ಮತ್ತೆ! ಹುಣಸೆಹುಳಿಗೆ ಹಿತ್ತಾಳೆ ಕಿಲುಬು ಹಿಡಿಯಲ್ವಾ, ಅದಕ್ಕೇ ತಾನೇ ಕಲಾಯಿ ಹಾಕ್ಸೋದು? ಅದೂ ಬಿಡತ್ತೆ." ಕಾಲು ಗಂಟೆಯ ಅನುವಾದ ಒಂದೇ ಪದದಲ್ಲಿ ಮುಗಿಯಿತು.

"ಬಿಟ್ಟಿ ಯಾಕೆ ಕೊಟ್ಟೆ ಅಂತ ಈಗ ಗೊತ್ತಾಯ್ತಾ?" ಅಂತ ಅಜ್ಜ ನಕ್ಕ.

ಮುಂದಿನ ಕೇಸಿಗೆ ಅಮ್ಮನ ಸಲಹೆಯಂತೆ ಧಾರಾಳವಾಗಿ ಹಚ್ಚಿದೆ. ಕೊಬ್ಬರಿ ಎಣ್ಣೆ ಕೊಡಲು ಬಂದಳು, ಬೇಡ ಅಂದೆ, ಲ್ಯೂಬನ್ನೇ ಎಣ್ಣೆ ಸ್ನಾನದ ಮಟ್ಟಕ್ಕೆ ಸುರಿದೆ. ಕೇಸು ಸರ್ರಂತ ಒಳಗೆ ಹೋಗಿ ಸರ್ರಂತ ಬಂತು. ಹೆಗಲ ಮೇಲೆ ಮಾತ್ರ ಹೆಬ್ಬೆರಳಲ್ಲಿ ಒತ್ತಿದಂಥ ಗುಳಿ. ಜಾಸ್ತಿಯಾದ ಎಣ್ಣೆಗೆ ಡೈಯೊಳಗೆ ಹೋಗಲು ಜಾಗವಿಲ್ಲ, ತಗಡನ್ನೇ ಒಳಗೆ ತಳ್ಳುತ್ತೆ. ಅದು ಗೊತ್ತಾಗುವಷ್ಟರಲ್ಲಿ ಆರು ಕೇಸಿಗೆ ಗುಳಿ ಬಿದ್ದಿತ್ತು. ಬೆರಳಿಗೆ ಮುಟ್ಟಿಯೂ ಮುಟ್ಟದ ಹಾಗೆ ಹಚ್ಚಬೇಕಂತೆ. ಮದ್ದು, ಗುಂಡಿನ ಹಂತ ಆವತ್ತು ಬರಲೇ ಇಲ್ಲ. ಅಜ್ಜ ಬಿಡುತ್ತಲೂ ಇರಲಿಲ್ಲ.

ಸಂಜೆ ದೇವರ ಮುಂದೆ ಹೊಸದೊಂದು ಅಗರಬತ್ತಿ ಸ್ಟ್ಯಾಂಡ್ ಹೊಳೆಯುತ್ತಿತ್ತು. ಅಜ್ಜ ಕಿತ್ತ ಕೇಸು! ಕತ್ತು ಅಗಲವಾಯ್ತು ಅಂತ ಅಮ್ಮ ಒಳಗೆ ಅಕ್ಕಿ ತುಂಬಿದ್ದಾಳೆ. ಬುಡದಲ್ಲಿ ಡ್ರಿಲ್ಲಿನ ತೂತು ಇದೆಯಲ್ಲ, ಒರೆಸಲು ಎತ್ತಿದಾಗಲೆಲ್ಲ ಅಕ್ಕಿ ಗಣಪತಿಯ ಕಾಲ ಮೇಲೆ ಸುರಿಯುತ್ತೆ. "ಮಂತ್ರಾಕ್ಷತೆ ಅಂದ್ಕೋ" ಅನ್ನುತ್ತಾಳೆ.